ಸೊಲ್ಲಾಪುರದ ಚಾರ್ ಹುತಾತ್ಮಾ ಚೌಕ: ನಾಲ್ಕು ಹೆಸರು, ಒಂದು ಊರು

ಸೊಲ್ಲಾಪುರ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಚಾದರ. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದೋ, ಮುಂಬಯಿಯ ನೆಂಟರು ತಂದುಕೊಟ್ಟದ್ದೋ, ಅಂತೂ ಒಂದು ದಪ್ಪನೆಯ, ಹೂಬಳ್ಳಿಯ ಸೊಲ್ಲಾಪುರಿ ಚಾದರ ನಮ್ಮ ಮನೆಗಳ ಕಪಾಟಿನಲ್ಲಿ ಇದ್ದೇ ಇರುತ್ತದೆ. ಎಷ್ಟು ಸಲ ಒಗೆದರೂ ಬಣ್ಣ ಬಿಡದ ಆ ಚಾದರವನ್ನು ಹೊದ್ದು ಮಲಗಿದ ನಾವು ಅದನ್ನು ನೇಯ್ದ ಊರಿನ ಕಥೆಯನ್ನು ಕೇಳಿದ್ದು ಕಡಿಮೆ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಗೆ ಹೋಗುವವರಿಗೆ ಸೊಲ್ಲಾಪುರ ದಾರಿಯ ಒಂದು ಸ್ಟೇಶನ್, ಅಷ್ಟೇ. ಕಲಬುರಗಿ ದಾಟಿತು, ಸೊಲ್ಲಾಪುರ ಬಂತು, ಇನ್ನು ಮರಾಠಿ ಸೀಮೆ ಎಂದುಕೊಂಡು ಮಗ್ಗುಲು ಬದಲಿಸಿ ನಿದ್ದೆಹೋಗುತ್ತೇವೆ.

ಆದರೆ ಆ ಊರಿನ ನಡುಮಧ್ಯದಲ್ಲಿ ಒಂದು ಚೌಕವಿದೆ. ಹೆಸರು ಚಾರ್ ಹುತಾತ್ಮಾ ಚೌಕ. ಜನರ ಬಾಯಲ್ಲಿ ಅದು ‘ಚಾರ್ ಪುತಳಾ’, ಅಂದರೆ ನಾಲ್ಕು ಪ್ರತಿಮೆಗಳ ಜಾಗ. ಮಲ್ಲಪ್ಪ ಧನಶೆಟ್ಟಿ, ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರ್ಡಾ ಎಂಬ ನಾಲ್ವರು ಅಲ್ಲಿ ಒಟ್ಟಿಗೆ ನಿಂತಿದ್ದಾರೆ. ಹೆಸರುಗಳನ್ನು ಇನ್ನೊಮ್ಮೆ ಓದಿ. ಒಬ್ಬರ ಹೆಸರು ನಮ್ಮ ಉತ್ತರ ಕರ್ನಾಟಕದ ಯಾವುದೇ ಪೇಟೆಯಲ್ಲಿ ಕೇಳಿಬರುವಂಥದ್ದು. ಇನ್ನೊಬ್ಬರು ಮುಸಲ್ಮಾನರು. ಮತ್ತೊಬ್ಬರು ಮರಾಠರು. ಮಗದೊಬ್ಬರು ಮಾರವಾಡಿ ವ್ಯಾಪಾರಿ ಸಮಾಜದವರು. ಈ ನಾಲ್ವರನ್ನೂ 1931ರ ಜನವರಿ 12ರಂದು ಪುಣೆಯ ಯರವಡಾ ಜೈಲಿನಲ್ಲಿ ಬ್ರಿಟಿಷ್ ಸರಕಾರ ಗಲ್ಲಿಗೇರಿಸಿತು.

ಇವರು ಯಾರು? ಇವರ ಊರು ಎಂಥದ್ದು? ಕನ್ನಡಿಗರಾದ ನಮಗೂ ಅದಕ್ಕೂ ಏನು ಸಂಬಂಧ? ಈ ಸಲ ಅದನ್ನು ಸ್ವಲ್ಪ ತಿಳಿದುಕೊಳ್ಳೋಣ.

ಸೊನ್ನಲಿಗೆಯಿಂದ ಸೊಲ್ಲಾಪುರ

‘ಸೋಲಾ’ ಎಂದರೆ ಹದಿನಾರು. ಹದಿನಾರು ಹಳ್ಳಿ ಸೇರಿ ಆದ ಊರು ಸೋಲಾಪುರ ಎಂದು ಹಿಂದೆ ಹೇಳುತ್ತಿದ್ದರು. ಕೇಳಲು ಚೆನ್ನಾಗಿದೆ, ಆದರೆ ಶಾಸನಗಳು ಬೇರೆ ಮಾತು ಹೇಳುತ್ತವೆ. ಅವುಗಳಲ್ಲಿ ಈ ಊರಿನ ಹೆಸರು ಸೊನ್ನಲಗೆ, ಸೊನ್ನಲಿಗೆ. ಮುಂದೆ ಅದೇ ಸೋನಲಪುರವಾಗಿ, ಸೊಲ್ಲಾಪುರವಾಗಿ, ಇಂಗ್ಲಿಷರ ನಾಲಗೆಯಲ್ಲಿ ಶೋಲಾಪುರವಾಯಿತು.

ಸೊನ್ನಲಿಗೆ ಎಂದರೆ ಕನ್ನಡ ಓದಿದವರ ಕಿವಿ ನಿಮಿರುತ್ತದೆ. ಹನ್ನೆರಡನೆಯ ಶತಮಾನದ ವಚನಕಾರ ಸಿದ್ಧರಾಮನ ಊರು ಇದು. ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ಅವನು ಬರೆದದ್ದು ಕನ್ನಡದಲ್ಲಿ. ಅವನ ಜೀವನವನ್ನು ರಾಘವಾಂಕ ಕವಿ ‘ಸಿದ್ಧರಾಮ ಚಾರಿತ್ರ’ ಎಂಬ ಕಾವ್ಯವಾಗಿಸಿದ. ಸಿದ್ಧರಾಮ ಬರೀ ಜಪತಪದಲ್ಲಿ ಕುಳಿತವನಲ್ಲ. ಜನರನ್ನು ಕೂಡಿಸಿ ಕೆರೆ ತೋಡಿಸಿದ, ಗುಡಿ ಕಟ್ಟಿಸಿದ. ಮಳೆ ಕೈಕೊಡುವ ಈ ಬಯಲುಸೀಮೆಯಲ್ಲಿ ಕೆರೆಗಿಂತ ದೊಡ್ಡ ಪುಣ್ಯ ಯಾವುದಿದೆ! ಕೆರೆ ತೋಡಿಸುತ್ತಿದ್ದ ಅವನನ್ನು ಅಲ್ಲಮಪ್ರಭು ಅಲ್ಲಿಯೇ ಬಂದು ಕಂಡನೆಂದೂ, ಅವನನ್ನು ಬಸವಣ್ಣನ ಕಲ್ಯಾಣಕ್ಕೆ ಕರೆದೊಯ್ದನೆಂದೂ ಶರಣರ ಕಥೆಗಳು ಹೇಳುತ್ತವೆ. ಸೊಲ್ಲಾಪುರದ ನಡುವಿನ ಸಿದ್ಧೇಶ್ವರ ಕೆರೆ, ಅದರ ಮಧ್ಯದ ಗುಡಿ ಇಂದಿಗೂ ಆ ಊರಿನ ಗುರುತು.

ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ‘ಗಡ್ಡಾ ಯಾತ್ರೆ’ ನಡೆಯುತ್ತದೆ. ಎತ್ತರದ ಏಳು ನಂದಿಧ್ವಜಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಹೊತ್ತು, ಊರ ಸುತ್ತ ಸಿದ್ಧರಾಮ ಸ್ಥಾಪಿಸಿದನೆನ್ನುವ 68 ಲಿಂಗಗಳ ಪ್ರದಕ್ಷಿಣೆ ಮಾಡುತ್ತಾರೆ. ಮುಂದಾಳತ್ವ ‘ಹಿರೇಹಬ್ಬು’ ಮನೆತನದ್ದು. ಮೊದಲ ದಿನದ ಅಭಿಷೇಕಕ್ಕೆ ಮರಾಠಿ ಪತ್ರಿಕೆಗಳು ಇಂದಿಗೂ ಬರೆಯುವ ಹೆಸರು ‘ಯಣ್ಣೀಮಜ್ಜನ’. ಎಣ್ಣೆ ಮಜ್ಜನ! ಮನೆಯಲ್ಲಿ ಮರಾಠಿಯನ್ನೇ ಆಡುವ ಮಕ್ಕಳೂ ಈ ಮಾತನ್ನು ಹಾಗೆಯೇ ಹೇಳುತ್ತಾರೆ. ಸರಕಾರಿ ಕಾಗದಗಳಲ್ಲಿ ಭಾಷೆ ಬದಲಾಗಬಹುದು, ಹಬ್ಬದ ಬಾಯಿಯಲ್ಲಿ ಅದು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೋಟೆ ಕೈ ಬದಲಿಸಿತು

ಕೆರೆಯ ಪಕ್ಕದಲ್ಲೇ ಭುಯಿಕೋಟೆ, ಅಂದರೆ ಗುಡ್ಡದ ಮೇಲಲ್ಲದೆ ಬಯಲಿನಲ್ಲಿ ಕಟ್ಟಿದ ಕೋಟೆ. ಬಹಮನಿಗಳ ಕಾಲದ ಈ ಕೋಟೆಗಾಗಿ ವಿಜಾಪುರದ ಆದಿಲ್‌ಶಾಹಿಗಳೂ ಅಹಮದನಗರದ ನಿಜಾಮ್‌ಶಾಹಿಗಳೂ ಎಷ್ಟೋ ಸಲ ಕಾದಾಡಿದರು. ಅಹಮದನಗರದ ಚಾಂದಬೀಬಿ ವಿಜಾಪುರದ ಆದಿಲ್‌ಶಾಹನನ್ನು ಮದುವೆಯಾದಾಗ ಈ ಕೋಟೆ ಬಳುವಳಿಯಾಗಿ ಬಂತು. ಹೆಣ್ಣಿನ ಜತೆ ಕೋಟೆಯನ್ನೂ ಕೊಟ್ಟುಕೊಂಡು ತಂದುಕೊಂಡ ಕಾಲವದು. ಮುಂದೆ ಮೊಗಲರು, ನಿಜಾಮರು, ಪೇಶ್ವೆಗಳು ಬಂದುಹೋದರು. 1818ರ ಮೇ ತಿಂಗಳಲ್ಲಿ ಬ್ರಿಟಿಷರ ಪರವಾಗಿ ಇದನ್ನು ಗೆದ್ದವನು ಥಾಮಸ್ ಮನ್ರೋ. ಹೌದು, ಬಳ್ಳಾರಿ, ಕಡಪಾ ಸೀಮೆಯವರು ‘ಮನ್ರೋ ಸಾಹೇಬ’ ಎಂದು ಕರೆಯುವ ಅದೇ ಮನ್ರೋ.

ರೈಲು ಬಂದದ್ದು 1860ರಲ್ಲಿ. ಅದರ ಹಿಂದೆಯೇ ಗಿರಣಿಗಳು ಬಂದವು. ‘ಜೂನಿ ಮಿಲ್’ ಎಂದು ಹೆಸರಾದ ಹಳೆಯ ಗಿರಣಿ 1877ರಲ್ಲಿ ಕೆಲಸ ಆರಂಭಿಸಿತು. ಅದೇ ಹೊತ್ತಿಗೆ, 1876ರಿಂದ 1878ರವರೆಗೆ, ದಖ್ಖನಿನಲ್ಲಿ ಭೀಕರ ಬರ. ತೆಲಂಗಾಣದ ಪದ್ಮಶಾಲಿ ನೇಕಾರರು ಕೈಮಗ್ಗ ಹೊತ್ತು ಇಲ್ಲಿಗೆ ಬಂದರು. ವಿಜಾಪುರ, ಕಲಬುರಗಿ, ಅಕ್ಕಲಕೋಟೆ ಕಡೆಯ ಕನ್ನಡ ಮಾತಿನ ರೈತಾಪಿ ಜನ ಕೂಲಿ ಅರಸಿ ಬಂದರು. ಮರಾಠರು ಇದ್ದೇ ಇದ್ದರು. ಉರ್ದು ಮಾತಿನ ಮುಸಲ್ಮಾನರು, ಗುಜರಾತಿ ಜೈನರು, ಮಾರವಾಡಿಗಳು ಸೇರಿದರು. ಹೀಗೆ ಒಂದೇ ಓಣಿಯಲ್ಲಿ ಮೂರು ನಾಲ್ಕು ಭಾಷೆ ಕೇಳಿಸುವ ಊರು ಬೆಳೆಯಿತು. ಕನ್ನಡದ ಅಕ್ಕ, ತೆಲುಗಿನ ಅಕ್ಕ, ಮರಾಠಿಯ ತಾಯಿ ಮೂವರೂ ಒಂದೇ ನಲ್ಲಿಯಲ್ಲಿ ನೀರು ಹಿಡಿದು, ಮೂರು ಭಾಷೆಯನ್ನೂ ಬೆರೆಸಿ ಜಗಳವಾಡಿ, ಮತ್ತೆ ಅದೇ ಮೂರು ಭಾಷೆಯಲ್ಲಿ ರಾಜಿಯಾದ ಊರು!

ಅಂಥ ಊರಿಗೆ 1930ರ ಮೇ ತಿಂಗಳು ಬಂತು.

ಆ ಮೂರು ದಿನ, ಆ ಏಳು ವಾರ

ಗಾಂಧೀಜಿ ದಂಡಿಯಲ್ಲಿ ಉಪ್ಪನ್ನು ಎತ್ತಿಕೊಂಡದ್ದು 1930ರ ಏಪ್ರಿಲ್ 6. ಅದೇ ದಿನ ಸೊಲ್ಲಾಪುರದ ನಗರಸಭೆಯ ಕಟ್ಟಡದ ಮೇಲೆ ರಾಷ್ಟ್ರಧ್ವಜ ಏರಿತು. ದೇಶದಲ್ಲೇ ಮೊದಲು ಧ್ವಜ ಏರಿಸಿದ ನಗರಸಭೆ ನಮ್ಮದು ಎಂಬುದು ಆ ಊರಿನವರ ಹೆಮ್ಮೆ. ಒಂದು ತಿಂಗಳಿಗೆ, ಮೇ 5ರಂದು, ಗಾಂಧೀಜಿಯ ಬಂಧನವಾಯಿತು. ಸುದ್ದಿ ಹಬ್ಬುತ್ತಿದ್ದಂತೆ ಗಿರಣಿಗಳು ನಿಂತವು, ಅಂಗಡಿಗಳು ಮುಚ್ಚಿದವು, ಮೆರವಣಿಗೆಗಳು ಹೊರಟವು.

ಮೇ 8ರಂದು ಊರ ಹೊರಗೆ ಸೇಂದಿಯ ಈಚಲು ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಸೇಂದಿ, ಸಾರಾಯಿ ಮಾರಿ ಬರುವ ತೆರಿಗೆಯ ಮೇಲೆ ಸರಕಾರ ನಡೆಯುತ್ತಿದ್ದ ಕಾಲ. ಪೊಲೀಸರು ಕೆಲವರನ್ನು ಹಿಡಿದರು. ಬಿಟ್ಟುಬಿಡಿ ಎಂದು ಜನ ಅಡ್ಡನಿಂತರು. ಕಲೆಕ್ಟರ್ ನೈಟ್ ಪೊಲೀಸರೊಡನೆ ಸ್ಥಳಕ್ಕೆ ಬಂದ. ಗೋಲಿಬಾರ್ ಆಯಿತು. ಶಂಕರ ಶಿವದಾರೆ ಎಂಬ ತರುಣ ಸತ್ತುಬಿದ್ದ. ಆಮೇಲೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಜನ ಪೊಲೀಸ್ ಚೌಕಿಗಳಿಗೂ ಕೋರ್ಟಿಗೂ ಬೆಂಕಿ ಹಚ್ಚಿದರು. ಮಂಗಳವಾರ ಪೇಟೆಯ ಚೌಕಿಯಲ್ಲಿ ಪೊಲೀಸರ ಕೊಲೆಯೂ ನಡೆದುಹೋಯಿತು. ಗುಂಡಿಗೆ ಇನ್ನಷ್ಟು ಜನ ಬಲಿಯಾದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೊಲೆಯಾದ ಆ ಪೊಲೀಸರೂ ಈ ನಾಡಿನವರೇ, ಸಂಬಳಕ್ಕೆ ದುಡಿದು ಮನೆ ಸಾಕುತ್ತಿದ್ದವರೇ. ಅವರ ಮನೆಗಳಲ್ಲೂ ಆ ರಾತ್ರಿ ಒಲೆ ಉರಿಯಲಿಲ್ಲ. ಸ್ವಾತಂತ್ರ್ಯದ ಕಥೆ ಹೇಳುವಾಗ ಈ ಭಾಗವನ್ನು ಬಿಟ್ಟು ಹೇಳಿದರೆ ಕಥೆ ಅರ್ಧವಾಗುತ್ತದೆ. ಗಾಂಧೀಜಿ ಅಹಿಂಸೆಯನ್ನು ಅಷ್ಟು ಹಟ ಹಿಡಿದು ಹೇಳುತ್ತಿದ್ದುದು ಏಕೆ ಎಂಬುದೂ ಆಗ ಅರ್ಥವಾಗುವುದಿಲ್ಲ.

ಅಧಿಕಾರಿಗಳು, ಪೊಲೀಸರು ಊರೊಳಗಿಂದ ಹಿಂದೆ ಸರಿದರು. ಮೇ 9, 10, 11, ಈ ಮೂರು ದಿನ ಸೊಲ್ಲಾಪುರದಲ್ಲಿ ಬ್ರಿಟಿಷ್ ಆಡಳಿತ ನಡೆಯಲಿಲ್ಲ. ಕಾಂಗ್ರೆಸ್ಸಿನ ಸ್ವಯಂಸೇವಕರೇ ಕಾವಲು ನಿಂತರು, ರಸ್ತೆಯಲ್ಲಿ ಗಾಡಿಗಳ ಓಡಾಟ ನೋಡಿಕೊಂಡರು. ದೇಶಕ್ಕೆ ಸ್ವಾತಂತ್ರ್ಯ ಬರುವ 17 ವರ್ಷ ಮೊದಲೇ ಮೂರು ದಿನ ಸ್ವತಂತ್ರವಾಗಿದ್ದ ಊರು ನಮ್ಮದು ಎಂದು ಸೊಲ್ಲಾಪುರದವರು ಇಂದಿಗೂ ಎದೆ ತಟ್ಟಿ ಹೇಳುತ್ತಾರೆ.

ಮೇ 12ರಂದು ಸೈನ್ಯದ ಆಡಳಿತ, ಅಂದರೆ ಮಾರ್ಶಲ್ ಲಾ, ಜಾರಿಗೆ ಬಂತು. ಜೂನ್ 30ರವರೆಗೆ ಏಳು ವಾರ ಊರು ಬಂದೂಕಿನ ಕೈಯಲ್ಲಿತ್ತು. ಗಾಂಧಿ ಟೋಪಿ ಹಾಕಿದರೆ ತಪ್ಪು. ಧ್ವಜ ಹಿಡಿದರೆ ಸೆರೆಮನೆ. ಮುಖಂಡರಿಗೆ ವರ್ಷಗಟ್ಟಲೆ ಕಠಿಣ ಸಜೆ. ಒಂದು ಬಟ್ಟೆಯ ಟೋಪಿಗೆ, ಒಂದು ಬಟ್ಟೆಯ ಧ್ವಜಕ್ಕೆ ಅಷ್ಟು ದೊಡ್ಡ ಸಾಮ್ರಾಜ್ಯ ಅಷ್ಟು ಹೆದರಿತ್ತು! ಅದೂ ಬಟ್ಟೆ ನೇಯುವವರ ಊರಿನಲ್ಲಿ!

ನಾಲ್ವರು

ಪೊಲೀಸರ ಕೊಲೆಯ ಮೊಕದ್ದಮೆಯಲ್ಲಿ ಸಿಕ್ಕಿದವರಲ್ಲಿ ನಾಲ್ವರಿಗೆ ಮರಣದಂಡನೆಯಾಯಿತು.

ಮಲ್ಲಪ್ಪ ಧನಶೆಟ್ಟಿ ಊರಿನ ಕಾಂಗ್ರೆಸ್ ಕಾರ್ಯಕರ್ತರು. ಮೇ 8ರ ಗಲಾಟೆಯಲ್ಲಿ ಜನರನ್ನು ಸಮಾಧಾನಪಡಿಸಲು ಮುಂದೆ ಬಂದವರೇ ಅವರು ಎಂದು ಊರಿನ ಜನ ನೆನೆಯುತ್ತಾರೆ. ಕುರ್ಬಾನ್ ಹುಸೇನ್ ಇಪ್ಪತ್ತರ ಹರೆಯದ ತರುಣ. ಗಿರಣಿ ಕಾರ್ಮಿಕರ ನಡುವೆ ಕೆಲಸ ಮಾಡುತ್ತ, ‘ಗಜನ್ಫರ್’ ಎಂಬ ಪತ್ರಿಕೆ ನಡೆಸುತ್ತಿದ್ದ. ಹಿಂದೂ ಮುಸಲ್ಮಾನರು ಕೂಡಿಯೇ ದುಡಿಯಬೇಕು, ಕೂಡಿಯೇ ಹೋರಾಡಬೇಕು ಎಂಬುದು ಅವನ ಹಂಬಲ. ಜಗನ್ನಾಥ ಶಿಂದೆ ತರುಣರ ಸಂಘಟನೆಯಲ್ಲಿ ಓಡಾಡುತ್ತಿದ್ದವನು. ಶ್ರೀಕಿಸನ್ ಸಾರ್ಡಾ ಅನುಕೂಲಸ್ಥ ಮಾರವಾಡಿ ಮನೆತನದಿಂದ ಬಂದು ಚಳವಳಿಗೆ ಇಳಿದವನು. ಸುಮ್ಮನೆ ಅಂಗಡಿಯ ಗಲ್ಲೆಯ ಮೇಲೆ ಕುಳಿತಿದ್ದರೂ ಅವನ ಬದುಕು ಸುಖವಾಗಿಯೇ ನಡೆಯುತ್ತಿತ್ತು.

ಕೊಲೆಯಲ್ಲಿ ಇವರ ಕೈಯಿರಲಿಲ್ಲ, ಜನರನ್ನು ಸಂಘಟಿಸಿದ್ದಕ್ಕಾಗಿಯೇ ಇವರನ್ನು ಆರಿಸಿ ಹಿಡಿದರು ಎಂಬುದು ಸೊಲ್ಲಾಪುರದ ಜನ ಅಂದಿನಿಂದ ಇಂದಿನವರೆಗೂ ನಂಬಿಕೊಂಡು ಬಂದ ಮಾತು. ಮೇಲ್ಮನವಿಗಳು ಫಲಿಸಲಿಲ್ಲ. 1931ರ ಜನವರಿ 12ರಂದು ಯರವಡಾದಲ್ಲಿ ನಾಲ್ವರೂ ನೇಣಿಗೇರಿದರು. ಲಾಹೋರಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವರು ಗಲ್ಲಿಗೇರಿದ್ದು ಅದೇ ವರ್ಷದ ಮಾರ್ಚ್ 23ರಂದು. ಆ ಮೂವರ ಹೆಸರು ದೇಶದ ಮಕ್ಕಳಿಗೆಲ್ಲ ಗೊತ್ತು. ಎರಡು ತಿಂಗಳು ಮೊದಲು ಹೋದ ಈ ನಾಲ್ವರ ಹೆಸರು ಪಕ್ಕದ ವಿಜಾಪುರದ ಶಾಲೆಯ ಮಕ್ಕಳಿಗೂ ಗೊತ್ತಿರುವುದು ಕಡಿಮೆ.

ಆ ವರ್ಷದ ಸಂಕ್ರಾಂತಿಯನ್ನು ಊಹಿಸಿಕೊಳ್ಳಿ. ಸಿದ್ಧೇಶ್ವರನ ಜಾತ್ರೆಯ ವಾರ ಅದು. ಊರು ಹೊಸ ಬಟ್ಟೆ ಉಡುವ, ನಂದಿಧ್ವಜ ಹೊರಡುವ ಹೊತ್ತಿಗೆ ನಾಲ್ಕು ಮನೆಗಳಿಗೆ ಸಾವಿನ ಸುದ್ದಿ ಬಂತು. ಅಂದಿನಿಂದ ಸೊಲ್ಲಾಪುರದಲ್ಲಿ ಜಾತ್ರೆಯ ಸಂಭ್ರಮವೂ ಹುತಾತ್ಮರ ನೆನಪೂ ಒಂದೇ ವಾರದಲ್ಲಿ ಬರುತ್ತವೆ. ಜನವರಿ 12ರಂದು ಚೌಕದಲ್ಲಿ ಹಾರ ಹಾಕುತ್ತಾರೆ. ಅದರ ಬೆನ್ನಿಗೇ ಎಣ್ಣೆ ಮಜ್ಜನ.

ನಮ್ಮ ಕರ್ನಾಟಕದಲ್ಲೂ ಇಂಥದ್ದೊಂದು ಊರಿದೆ. ಶಿವಮೊಗ್ಗ ಜಿಲ್ಲೆಯ ಈಸೂರು. 1942ರಲ್ಲಿ ಆ ಹಳ್ಳಿ ತಾನು ಸ್ವತಂತ್ರ ಎಂದು ಸಾರಿಕೊಂಡಿತು. ಅಲ್ಲೂ ಗಲಾಟೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಕೊಲೆಯಾದರು. 1943ರಲ್ಲಿ ಊರಿನ ಐವರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಈಸೂರಿನ ಕಥೆ ತಿಳಿದವರಿಗೆ ಸೊಲ್ಲಾಪುರದ ನೋವು ಬೇಗ ಅರ್ಥವಾದೀತು. ಹಳ್ಳಿಯಾಗಲಿ, ಗಿರಣಿಯ ಪಟ್ಟಣವಾಗಲಿ, ಸಿಟ್ಟಿನ ಒಂದು ಗಳಿಗೆಗೆ ಬೆಲೆ ತೆತ್ತದ್ದು ಎರಡೂ ಕಡೆಯ ತಾಯಂದಿರು.

ಚೌಕದ ಸುತ್ತಮುತ್ತ

ಚಾರ್ ಹುತಾತ್ಮಾ ಚೌಕದಲ್ಲಿ ನಿಂತರೆ ಊರಿನ ಇತಿಹಾಸ ಕಾಲ್ನಡಿಗೆಯ ದೂರದಲ್ಲೇ ಇದೆ. ಒಂದು ಕಡೆ ಸಿದ್ಧೇಶ್ವರನ ಕೆರೆ ಮತ್ತು ಕೋಟೆ. ಇನ್ನೊಂದು ಕಡೆ ಕ್ರಿಕೆಟ್ ನಡೆಯುವ ಪಾರ್ಕ್ ಮೈದಾನ. ಸ್ವಲ್ಪ ಆಚೆ ಮಹಾನಗರಪಾಲಿಕೆಯ ‘ಇಂದ್ರಭುವನ’. ವಾರದ ಮನೆತನದ ಶ್ರೀಮಂತರು ಕಟ್ಟಿಸಿದ ಈ ಅರಮನೆಯಂಥ ಮನೆ ಮುಂದೆ ಸಾರ್ವಜನಿಕರದಾಯಿತು. ಸೊಲ್ಲಾಪುರ ಮಹಾನಗರಪಾಲಿಕೆಯಾದದ್ದು 1964ರ ಮೇ 1ರಂದು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಒಂಬತ್ತೂವರೆ ಲಕ್ಷ.

ಈ ಊರು ಇನ್ನೊಬ್ಬ ತ್ಯಾಗಿಯನ್ನೂ ಕೊಟ್ಟಿದೆ. ಡಾ. ದ್ವಾರಕಾನಾಥ ಕೋಟ್ನಿಸ್ ಹುಟ್ಟಿದ್ದು ಇಲ್ಲಿ, 1910ರಲ್ಲಿ. ಜಪಾನಿನ ದಾಳಿಗೆ ಸಿಕ್ಕಿದ ಚೀನಾಕ್ಕೆ 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಅವರೊಬ್ಬರು. ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ, ಅಲ್ಲಿಯ ದಾದಿಯನ್ನೇ ಮದುವೆಯಾಗಿ, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ 32 ವರ್ಷ.

ಗಿರಣಿಗಳ ಕಾಲ ಮಾತ್ರ ಮುಗಿಯಿತು. ಜೂನಿ ಮಿಲ್ 1960ರ ದಶಕದಲ್ಲಿ ಬಾಗಿಲು ಹಾಕಿತು. ಮುಂದೆ ನರಸಿಂಗ ಗಿರ್ಜಿ, ವಿಷ್ಣು, ಲಕ್ಷ್ಮೀ ಮಿಲ್ಲುಗಳೂ ಒಂದಾದ ಮೇಲೊಂದು ನಿಂತವು. ಭೋಂಗಾ ಕೂಗಿದರೆ ಊರು ಏಳುತ್ತಿದ್ದ ದಿನಗಳು ಹೋದವು. ಗಂಡಸರ ಕೆಲಸ ಹೋದಾಗ ಮನೆ ಹಿಡಿದವರು ಹೆಂಗಸರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಊರ ಹತ್ತಿರದ ಕುಂಭಾರಿಯಲ್ಲಿ ಬೀಡಿ ಕಾರ್ಮಿಕ ಮಹಿಳೆಯರಿಗಾಗಿ 10,000 ಮನೆಗಳ ‘ಗೋದೂತಾಯಿ ಪರುಳೇಕರ’ ಬಡಾವಣೆ 2006ರಲ್ಲಿ ಕೈಗೂಡಿತು. ಅಲ್ಲಿಯೇ ಬೀಡಿ, ನೇಯ್ಗೆ ಮತ್ತಿತರ ಕಾರ್ಮಿಕರ ‘ರಾಯ್‌ನಗರ’ದ 15,000 ಮನೆಗಳನ್ನು 2024ರ ಜನವರಿಯಲ್ಲಿ ಒಪ್ಪಿಸಲಾಯಿತು. ದಿನಗೂಲಿಯ ಹೆಂಗಸಿನ ಹೆಸರಿನಲ್ಲಿ ಒಂದು ಸ್ವಂತ ಮನೆ! ಕೋಟೆ ಬಳುವಳಿ ಕೊಟ್ಟ ಊರಿನಲ್ಲಿ ಇದು ಅದಕ್ಕಿಂತ ದೊಡ್ಡ ಸುದ್ದಿ ಎಂದು ನಮಗನಿಸುತ್ತದೆ. ಮಿಲ್ಲು ನಿಂತರೂ ಪವರ್‌ಲೂಮಿನ ಸದ್ದು ನಿಂತಿಲ್ಲ. ಸೊಲ್ಲಾಪುರಿ ಚಾದರಕ್ಕೂ ಟವೆಲ್ಲಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

ಅಕ್ಕಲಕೋಟೆಯ ದಾರಿಯಲ್ಲಿ

ಸೊಲ್ಲಾಪುರದಿಂದ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಅಕ್ಕಲಕೋಟೆ. ಬಸ್ಸಿನಲ್ಲಿ ಕುಳಿತು ಕಿವಿಗೊಟ್ಟರೆ ಸಾಕು, ಒಂದೊಂದು ಹಳ್ಳಿ ದಾಟಿದಂತೆ ಕನ್ನಡದ ಮಾತು ಹೆಚ್ಚುತ್ತ ಹೋಗುತ್ತದೆ. “ಎಲ್ಲಿಗಿ ಹೊಂಟೀರಿ?” ಎಂದು ಪಕ್ಕದವರು ಕೇಳುತ್ತಾರೆ. ಅದೇ ಉಸಿರಿನಲ್ಲಿ ಕಂಡಕ್ಟರನಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ಹೊಲದಲ್ಲಿ ಬಿಳಿಜೋಳ, ತೊಗರಿ. ಬುತ್ತಿಯಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ರಾಜ್ಯ ಯಾವುದಾದರೇನು, ಊಟ ಒಂದೇ.

1930ರಲ್ಲಿ ಸೊಲ್ಲಾಪುರ ಬ್ರಿಟಿಷರ ಊರು, ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ಒಂದು ಹಗಲಿನ ಎತ್ತಿನ ಗಾಡಿಯ ದಾರಿಯಲ್ಲಿ ಎರಡು ಆಳ್ವಿಕೆ. ಸಾತಾರದ ಶಾಹು ಮಹಾರಾಜರ ಕಾಲದಲ್ಲಿ ಹುಟ್ಟಿದ ಈ ಚಿಕ್ಕ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ಸೇರಿತು. ಅರಮನೆಯ ಶಸ್ತ್ರಾಗಾರದಲ್ಲಿ ಹಳೆಯ ಕತ್ತಿ, ಬಂದೂಕುಗಳನ್ನು ಜೋಡಿಸಿಟ್ಟಿದ್ದಾರೆ. 1856ರಿಂದ 1878ರವರೆಗೆ ಇಲ್ಲಿದ್ದ ಸ್ವಾಮಿ ಸಮರ್ಥರ ಸಮಾಧಿಗೆ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆಯಿಂದ ಜನ ಬರುತ್ತಾರೆ. ತಾಲೂಕಿನ ಮೈಂದರ್ಗಿ, ದುಧನಿಯಂಥ ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಈ ತಾಲೂಕಿನಲ್ಲಿ ಇವೆ. ಮಹಾರಾಷ್ಟ್ರ ಸರಕಾರದ ಸಂಬಳದಲ್ಲಿ ಮೇಷ್ಟ್ರು ಕನ್ನಡದ ಅ ಆ ಇ ಈ ಕಲಿಸುವ ಶಾಲೆಗಳು ಇವು.

ಈ ಸೀಮೆ ಕನ್ನಡಕ್ಕೆ ಕೊಟ್ಟದ್ದೂ ಕಡಿಮೆಯಲ್ಲ. 1950ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿ, ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ಹಟದಿಂದ ತಾವೇ ಕಲಿತು, ಎರಡೂ ಭಾಷೆಗಳಲ್ಲಿ ಬರೆದರು. ಸಿದ್ಧರಾಮನ ಬದುಕನ್ನು ತ್ರಿಪದಿಯಲ್ಲಿ ‘ಸಿದ್ಧರಾಮ ಪುರಾಣ’ವಾಗಿ ಹಾಡಿದರು. ಕರ್ನಾಟಕ ಏಕೀಕರಣಕ್ಕೆ ದುಡಿದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠ ಏರಿದ ಮೊದಲ ಮಹಿಳೆ ಅವರೇ. ಕಡೆಗಾಲದಲ್ಲಿ ಬಸವಕಲ್ಯಾಣಕ್ಕೆ ಹೋಗಿ ನೆಲೆಸಿದರು. ಎಂಟು ನೂರು ವರ್ಷಗಳ ಹಿಂದೆ ಸಿದ್ಧರಾಮ ನಡೆದ ದಾರಿಯೂ ಅದೇ ಅಲ್ಲವೇ!

ಗಡಿ ಎಂಬ ಗೆರೆ

1956ರಲ್ಲಿ ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಸೊಲ್ಲಾಪುರ, ಅಕ್ಕಲಕೋಟೆಗಳು ಮುಂಬಯಿ ರಾಜ್ಯದಲ್ಲೇ ಉಳಿದವು. 1960ರಲ್ಲಿ ಮಹಾರಾಷ್ಟ್ರವಾಯಿತು. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಒಬ್ಬರು ಒಪ್ಪಿದರು, ಇನ್ನೊಬ್ಬರು ಒಪ್ಪಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಕೊನೆಯಲ್ಲಿ ಜತ್ತ, ಅಕ್ಕಲಕೋಟೆ ತಾಲೂಕಿನ ಹಳ್ಳಿಗಳ ಹೆಸರು ಮತ್ತೆ ಪತ್ರಿಕೆಗಳ ಮುಖಪುಟಕ್ಕೆ ಬಂತು. ಆಗ ಕೆಲವು ಹಳ್ಳಿಗಳ ಜನ ಎತ್ತಿದ ದೂರನ್ನು ಗಮನಿಸಿ: ನಮಗೆ ನೀರಿಲ್ಲ, ರಸ್ತೆಯಿಲ್ಲ ಎಂಬುದೇ ಅವರ ಮುಖ್ಯ ಮಾತು.

ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದಕ್ಕೆ ನಾವು ಇಲ್ಲಿ ಹೋಗುವುದಿಲ್ಲ. ಆದರೆ ಗಡಿಯ ಎರಡೂ ಬದಿಗೆ ನೆಂಟರಿರುವ ಕುಟುಂಬಗಳಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ವಿವಾದ ಬಿಸಿಯಾದಾಗ ಮೊದಲು ನಿಲ್ಲುವುದು ಬಸ್ಸು. ಭಾಷಣ ಮಾಡಿದವರು ಕಾರಿನಲ್ಲಿ ಮನೆ ಸೇರುತ್ತಾರೆ. ಬಾಣಂತನಕ್ಕೆ ತವರಿಗೆ ಹೊರಟ ಮಗಳು, ಸೊಲ್ಲಾಪುರದ ಆಸ್ಪತ್ರೆಗೆ ಹೊರಟ ಮುದುಕ, ಕಾಲೇಜಿಗೆ ಹೊರಟ ಹುಡುಗ ನಿಲ್ದಾಣದಲ್ಲಿ ಕುಳಿತಿರುತ್ತಾರೆ. ಬಸ್ಸಿನ ಮೇಲಿನ ಹಲಗೆಗೆ ಮಸಿ ಬಳಿದವನಿಗೆ ಒಳಗೆ ಕುಳಿತವರ ಭಾಷೆ ಗೊತ್ತಿರುವುದಿಲ್ಲ. ಎಷ್ಟೋ ಸಲ ಅದು ಅವನದೇ ಭಾಷೆಯಾಗಿರುತ್ತದೆ.

ಇಂಥ ಹೊತ್ತಿನಲ್ಲಿ ಆ ಚೌಕದ ಬೆಲೆ ತಿಳಿಯುತ್ತದೆ. ಧನಶೆಟ್ಟಿಯವರನ್ನು ಕನ್ನಡಿಗರು ಒಯ್ಯಬಹುದಿತ್ತು, ಶಿಂದೆಯನ್ನು ಮರಾಠಿಗರು, ಹುಸೇನನನ್ನು ಮುಸಲ್ಮಾನರು, ಸಾರ್ಡಾನನ್ನು ಮಾರವಾಡಿಗಳು. ಒಬ್ಬೊಬ್ಬರಿಗೆ ಒಂದೊಂದು ಓಣಿಯಲ್ಲಿ ಒಂದೊಂದು ಪ್ರತಿಮೆ ನಿಲ್ಲಿಸಿ, ವರ್ಷಕ್ಕೊಮ್ಮೆ ಬೇರೆ ಬೇರೆ ಜಯಕಾರ ಹಾಕಬಹುದಿತ್ತು. ಸೊಲ್ಲಾಪುರ ಹಾಗೆ ಮಾಡಲಿಲ್ಲ. ಒಂದೇ ಆರೋಪ ಹೊತ್ತು, ಒಂದೇ ದಿನ, ಒಂದೇ ಜೈಲಿನಲ್ಲಿ ಹೋದವರನ್ನು ಒಂದೇ ಕಡೆ ನಿಲ್ಲಿಸಿತು. ಚೌಕದ ಹೆಸರಿನಲ್ಲಿ ಯಾರ ಜಾತಿಯೂ ಇಲ್ಲ, ಯಾರ ಭಾಷೆಯೂ ಇಲ್ಲ. ‘ಚಾರ್’ ಎಂಬ ಲೆಕ್ಕ ಮಾತ್ರ ಇದೆ. ಆ ಲೆಕ್ಕದಲ್ಲಿ ಒಬ್ಬರನ್ನು ತೆಗೆದರೂ ಚೌಕದ ಹೆಸರು ಸುಳ್ಳಾಗುತ್ತದೆ.

ಮಕ್ಕಳಿಗೆ ಹೇಳೋಣ

ಈ ಊರಿನಲ್ಲೂ ಜಗಳಗಳು ಆಗಿವೆ, ಕೋಮು ಗಲಭೆಗಳೂ ಆಗಿವೆ. ಪ್ರತಿಮೆ ನಿಲ್ಲಿಸಿದ ಮಾತ್ರಕ್ಕೆ ಮನಸ್ಸು ಕೂಡುವುದಿಲ್ಲ. ದಿನಾ ಸಾವಿರಾರು ಜನ ಆಟೋದಲ್ಲಿ, ಸ್ಕೂಟರಿನಲ್ಲಿ ಆ ಚೌಕವನ್ನು ದಾಟುತ್ತಾರೆ. ಸಿಗ್ನಲ್ ಬಿತ್ತೋ ಇಲ್ಲವೋ ಎಂದು ನೋಡುವವರೇ ಹೆಚ್ಚು, ತಲೆ ಎತ್ತಿ ಪ್ರತಿಮೆ ನೋಡುವವರು ಕಡಿಮೆ. ನಮ್ಮ ಊರುಗಳ ಚೌಕಗಳ ಕಥೆಯೂ ಇದೇ. ಹೆಸರು ಬಾಯಲ್ಲಿದೆ, ಅರ್ಥ ಮರೆತಿದೆ.

ಆದ್ದರಿಂದ ಓದುಗ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ಸೊಲ್ಲಾಪುರದ ಮೇಲೆ ಹಾಯುವಾಗ ಅರ್ಧ ದಿನ ಇಳಿದು ಹೋಗಿ. ಕೆರೆ, ಕೋಟೆ, ಚೌಕ ಮೂರೂ ಹತ್ತಿರ ಹತ್ತಿರವೇ ಇವೆ. ಹೋಗಲಾಗದಿದ್ದರೆ ಚಿಂತೆಯಿಲ್ಲ. ನಿಮ್ಮ ಊರಿನ ಚೌಕಕ್ಕೆ ಯಾರ ಹೆಸರಿದೆ, ಅವರು ಏನು ಮಾಡಿದರು ಎಂದು ರಾತ್ರಿ ಊಟದ ಹೊತ್ತಿಗೆ ಮಕ್ಕಳನ್ನು ಕೇಳಿ. ಅವರಿಗೆ ಗೊತ್ತಿರಲಿಕ್ಕಿಲ್ಲ. ಬಹುಶಃ ನಮಗೂ ಗೊತ್ತಿರಲಿಕ್ಕಿಲ್ಲ. ಕೂಡಿ ಹುಡುಕೋಣ. ಹೇಳುವಾಗ ಪೂರ್ತಿ ಹೇಳೋಣ. ಧ್ವಜ ಏರಿದ್ದನ್ನೂ ಹೇಳೋಣ, ಚೌಕಿ ಉರಿದದ್ದನ್ನೂ ಹೇಳೋಣ. ನಾಲ್ವರ ಧೈರ್ಯವನ್ನೂ, ಸತ್ತ ಪೊಲೀಸರ ಮನೆಯ ಕಣ್ಣೀರನ್ನೂ ಹೇಳೋಣ. ಅರ್ಧ ಕಥೆ ಕೇಳಿ ಬೆಳೆದ ಮಕ್ಕಳು ದ್ವೇಷ ಕಲಿಯುವುದು ಸುಲಭ.

ಸೊಲ್ಲಾಪುರಕ್ಕೂ ಪುಣೆಗೂ ನಡುವೆ ಒಂದು ರೈಲು ಓಡುತ್ತದೆ. ಕೆಲಸಕ್ಕೆ, ಕಾಲೇಜಿಗೆ, ನೆಂಟರ ಮನೆಗೆ ಹೋಗುವವರ ರೈಲು. ಅದರ ಹೆಸರು ‘ಹುತಾತ್ಮಾ ಎಕ್ಸ್‌ಪ್ರೆಸ್’. ಈ ನಾಲ್ವರ ನೆನಪಿಗೆ ಇಟ್ಟ ಹೆಸರು ಅದು. ಅವರು ಹುಟ್ಟಿ ಬೆಳೆದು ಓಡಾಡಿದ ಊರಿಗೂ, ಅವರು ನೇಣಿಗೇರಿದ ಯರವಡಾ ಇರುವ ಊರಿಗೂ ನಡುವಿನ ದಾರಿಯಲ್ಲಿ ಅದು ಹೋಗಿ ಬರುತ್ತದೆ. ಆ ನಾಲ್ವರಿಗೆ ಹೋಗುವ ದಾರಿ ಮಾತ್ರ ಇತ್ತು. ಬರುವ ದಾರಿ ಇರಲಿಲ್ಲ. ನಾವು ಹೋಗಿ ಬರಲು ಸಾಧ್ಯವಾದದ್ದು ಯಾರಿಂದ ಎಂಬುದನ್ನು ಟಿಕೇಟು ಕೊಳ್ಳುವಾಗ ಒಂದು ಕ್ಷಣ ನೆನೆದರೆ ಸಾಕು.